ಡಿಗ್ರಿಯಲ್ಲಿ ಅಂಕ ಕಡಿಮೆ, ಅಮೆರಿಕದಲ್ಲಿ ಡಾಕ್ಟರ್ ಆಗ್ಬಹುದಾ?

ನಮ್ಮಲ್ಲಿ ಪಿಯುಸಿ, ನೀಟ್, ಆಮೇಲೆ ಎಂಬಿಬಿಎಸ್. ಅಮೆರಿಕದಲ್ಲಿ ಹಾಗಲ್ಲ, ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಮೆಡಿಕಲ್ ಕಾಲೇಜು. ಡಿಗ್ರಿಯಲ್ಲೇ ಎಡವಿದವರು ಏನ್ಮಾಡ್ಬೇಕು?

ಕಹಿ ಮಾತು ಮೊದಲೇ ಹೇಳ್ಬಿಡ್ತೀನಿ. ಅದೇ ವಿಷಯ ಮತ್ತೆ ಓದಿ ‘ಎ’ ತಗೊಂಡ್ರೂ ಹಳೇ ಗ್ರೇಡ್ ಹೋಗಲ್ಲ. ಎಂಡಿ ಕಾಲೇಜುಗಳ ಅರ್ಜಿ ನೋಡಿಕೊಳ್ಳುವ ಆಮ್ಕಾಸ್ ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತೆ. 120 ಕ್ರೆಡಿಟ್ ಮುಗಿಸಿ 4ಕ್ಕೆ 2.8 ಜಿಪಿಎ ಇದ್ದವರು ಇನ್ನೂ 30 ಕ್ರೆಡಿಟ್ ಓದಿ, ಎಲ್ಲದರಲ್ಲೂ ‘ಎ’ ಪಡೆದರೂ ಸರಾಸರಿ ಏರೋದು 3.04ಕ್ಕೆ. ಅಷ್ಟೇ!

ಹಾಗಾದ್ರೆ ಮತ್ತೆ ಓದಿ ಏನ್ ಬಂತು ಅಂತೀರಾ? ಡಿಗ್ರಿ ನಂತರ ಓದಿದ್ದನ್ನು ಆಮ್ಕಾಸ್ ಬೇರೆ ಸಾಲಿನಲ್ಲೂ ತೋರಿಸುತ್ತೆ. ಅಲ್ಲಿ 4.0 ಕಾಣುತ್ತೆ. ಆಯ್ಕೆ ಸಮಿತಿಗೆ ನಂಬಿಕೆ ಹುಟ್ಟಿಸೋದು ಆ ಸಾಲು, ಜೊತೆಗೆ ಎಂಕ್ಯಾಟ್ ಪ್ರವೇಶ ಪರೀಕ್ಷೆ. ಅದನ್ನ ಅವಸರದಲ್ಲಿ ಬರೀಬೇಡಿ. ಆ ಅಂಕವೂ ಅಳಿಸಲ್ಲ.