ಮೋರಿಯಿಂದ ಗಲ್ಲಾದವರೆಗೆ

ಊರಿಂದ ಬಂದ ಹುಡುಗನಿಗೆ ಮೊದಲ ದಿನ ಯಾರೂ ಏನೂ ಕಲಿಸುತ್ತಿರಲಿಲ್ಲ. ಹೋಟೆಲಿನ ಹಿಂಬದಿಯ ಮೋರಿ ತೋರಿಸಿ, ರಾಶಿ ಬಿದ್ದ ಲೋಟ-ಬಸಿಗಳ ಮುಂದೆ ಕೂರಿಸುತ್ತಿದ್ದರು. ಒಂದಿಷ್ಟು ಬೂದಿ, ತೆಂಗಿನ ನಾರು, ಎರಡು ಬಾನಿ ನೀರು. ಬೆಳಗ್ಗೆ ಕೂತವನು ಏಳುವ ಹೊತ್ತಿಗೆ ಬೆರಳುಗಳು ನೆಂದು ಬಿಳಿಚಿಕೊಂಡಿರುತ್ತಿದ್ದವು. ರಾತ್ರಿ ಬಾಗಿಲು ಹಾಕಿದ ಮೇಲೆ ಗಿರಾಕಿಗಳು ಉಂಡು ಹೋದ ಟೇಬಲುಗಳನ್ನೇ ಜೋಡಿಸಿ ಹಾಸಿಗೆ. ಮುಂಬಯಿ, ಮದರಾಸು, ಬೆಂಗಳೂರು ಎಂದು ಹೆಸರು ಬೇರೆಯಾದರೂ ಉಡುಪಿ ಸೀಮೆಯ ಸಾವಿರಾರು ಹುಡುಗರ ಮೊದಲ ನೌಕರಿ ಹೀಗೇ ಶುರುವಾಯಿತು.

ಮಸಾಲೆ ದೋಸೆ ಎಲ್ಲಿ ಹುಟ್ಟಿತು ಎಂದು ನಾವು ಬೇಕಾದಷ್ಟು ಜಗಳವಾಡಿದ್ದೇವೆ. ಆ ದೋಸೆಯನ್ನು ಟೇಬಲಿಗೆ ತಂದಿಟ್ಟವನು ಹತ್ತು ವರ್ಷದ ಮೇಲೆ ಏನಾದ ಎಂದು ಕೇಳಿದವರು ಕಡಿಮೆ. ಉಡುಪಿ ಹೋಟೆಲು ಕಟ್ಟಿದ ದೊಡ್ಡ ವಸ್ತು ಒಂದು ಏಣಿ ಎಂದು ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ಶಾಲೆ ಬಿಟ್ಟ, ಕೈಯಲ್ಲಿ ಕಾಸಿಲ್ಲದ ಹುಡುಗ ಅದನ್ನು ಹಿಡಿದು ಹತ್ತಿದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರಬಹುದಿತ್ತು. ಎಲ್ಲರೂ ಹತ್ತಲಿಲ್ಲ, ಹೆಚ್ಚಿನವರು ನಡುವೆಯೇ ಉಳಿದರು. ಆದರೆ ಹತ್ತಿದವರನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು.

ಈ ವಲಸೆಗೆ ಕಾರಣ ಕರಾವಳಿಯ ಹೊಲದಲ್ಲಿತ್ತು. ತುಂಡು ಭೂಮಿ, ಗೇಣಿಯ ಭಾರ, ಮಳೆಗಾಲದ ಹಸಿವು. 1923ರಲ್ಲಿ ನೇತ್ರಾವತಿಯ ಮಹಾನೆರೆ ಬಂತು. ಹಳಬರು ಅದನ್ನು ‘ಮಾರಿ ಬೊಳ್ಳ’ ಎಂದೇ ನೆನೆಯುತ್ತಿದ್ದರು. ಶಿವಳ್ಳಿ, ಕೋಟ ಬ್ರಾಹ್ಮಣರ ಬಳಿ ಮಾರಲು ಬೇರೇನೂ ಇಲ್ಲದಿದ್ದರೂ ಮಠದ, ದೇವಸ್ಥಾನದ ಸಂತರ್ಪಣೆಗಳಲ್ಲಿ ನೂರಾರು ಎಲೆಗೆ ಬಡಿಸಿ ಪಳಗಿದ ಕೈಯಿತ್ತು. ನಗರಗಳಲ್ಲಿ ಗುಮಾಸ್ತರು ಹೆಚ್ಚುತ್ತಿದ್ದರು. ಮಡಿಯ ಊಟ ಬೇಕು, ಮನೆಯಿಲ್ಲ ಎನ್ನುವವರಿಗೆ ಆ ಕೈ ಸಾಕಾಯಿತು. ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿದವರಿಗೆ ಶೀನಮಯ್ಯನ ಮಕ್ಕಳು ಬೆಂಗಳೂರಿನಲ್ಲಿ ಹೋಟೆಲು ಇಟ್ಟದ್ದು ನೆನಪಿರಬಹುದು. ಕಾರಂತರ ಕೋಟದ ಪಕ್ಕದಲ್ಲೇ ಇರುವ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರೂ ಬೆಂಗಳೂರಿನ ಮನೆಗಳಲ್ಲಿ ಅಡುಗೆ ಕೆಲಸ ಮಾಡಿ, 1924ರಲ್ಲಿ ‘ಬ್ರಾಹ್ಮಣ ಕಾಫಿ ಕ್ಲಬ್’ ತೆರೆದರು. ಮುಂದೆ ಅದೇ ಮಾವಳ್ಳಿ ಟಿಫಿನ್ ರೂಮ್ಸ್, ಎಂಟಿಆರ್ ಆಯಿತು.

ಮದರಾಸಿನ ಕಡೆ ಎಲ್ಲರೂ ಹೇಳುವ ಕಥೆ ಕೆ. ಕೃಷ್ಣರಾಯರದು. ಕಡಂದಲೆಯವರು, ಓದು ಎಳವೆಯಲ್ಲೇ ನಿಂತಿತು. 1920ರ ದಶಕದ ಆರಂಭದಲ್ಲಿ ಮದರಾಸಿಗೆ ಹೋಗಿ ಹೋಟೆಲಿನ ಅಡುಗೆಮನೆ ಸೇರಿದರು. ಕೆಲಸಗಾರನ ನಿಯತ್ತು ಕಂಡ ಧಣಿ ಜಾರ್ಜ್‌ಟೌನಿನ ತನ್ನ ಚಿಕ್ಕ ಹೋಟೆಲನ್ನು ಕಂತಿನ ಮೇಲೆ ಅವರಿಗೇ ಬಿಟ್ಟುಕೊಟ್ಟರು. ಅಲ್ಲಿಂದ ಮೌಂಟ್ ರೋಡಿನ ಉಡುಪಿ ಶ್ರೀಕೃಷ್ಣ ವಿಲಾಸ. 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆಯನ್ನು ಗುತ್ತಿಗೆಗೆ ಪಡೆದು ಬಂಗಲೆಯ ಹೆಸರನ್ನೇ ಹೋಟೆಲಿಗೂ ಇಟ್ಟುಕೊಂಡರು: ವುಡ್‌ಲ್ಯಾಂಡ್ಸ್. 1962ರಲ್ಲಿ ಕಾರಿನಲ್ಲೇ ಕೂತು ತಿಂಡಿ ತಿನ್ನುವ ಡ್ರೈವ್-ಇನ್. ಈ ಕಥೆಯಲ್ಲಿ ನನ್ನ ಕಣ್ಣು ನಿಲ್ಲುವುದು ಬಂಗಲೆಯ ಮೇಲಲ್ಲ, ಆ ಕಂತಿನ ಮೇಲೆ. ಬ್ಯಾಂಕು ಹತ್ತಿರ ಸೇರಿಸದ ಹುಡುಗನಿಗೆ ಅವನ ಧಣಿಯೇ ಸಾಲ ಕೊಡುವವನಾಗಿ ನಿಂತ. ಏಣಿಯ ಗುಟ್ಟು ಬಹುಪಾಲು ಇದೇ.

ಮೆಟ್ಟಿಲುಗಳನ್ನು ಒಂದೊಂದಾಗಿ ನೋಡಬೇಕು. ಮೋರಿಯಲ್ಲಿ ಕೆಲವು ತಿಂಗಳು ಕಳೆದ ಮೇಲೆ ಹುಡುಗ ಹೊರಗೆ ಬರುತ್ತಿದ್ದ. ಕೈಯಲ್ಲಿ ಬಕೆಟು, ಹೆಗಲಲ್ಲಿ ಒದ್ದೆ ಬಟ್ಟೆ. ಈಗ ಅವನು ಕ್ಲೀನರ್. ಎಂಜಲು ತಟ್ಟೆ ಎತ್ತಬೇಕು, ಟೇಬಲ್ ಒರೆಸಬೇಕು, ಗಿರಾಕಿ ಕೂತೊಡನೆ ನೀರು ಇಡಬೇಕು. ಐದು ಬೆರಳನ್ನು ಐದು ಲೋಟದೊಳಗೆ ಅದ್ದಿ ಒಟ್ಟಿಗೆ ಎತ್ತುವ ಚಟವನ್ನು ಬೈಸಿಕೊಂಡೇ ಬಿಡಬೇಕಿತ್ತು. ಆದರೆ ಕೈ ಟೇಬಲ್ ಒರೆಸುತ್ತಿರುವಾಗ ಕಿವಿ ಇನ್ನೊಂದು ಪಾಠ ಕಲಿಯುತ್ತಿತ್ತು. ಸಪ್ಲಾಯರ್ ಒಂದೇ ಉಸಿರಿಗೆ ಇಡ್ಲಿ, ವಡೆ, ಉಪ್ಪಿಟ್ಟು, ಖಾಲಿ, ಮಸಾಲೆ, ಸೆಟ್ ಎಂದು ಒಪ್ಪಿಸುವುದು, ಒಳಗೆ ಹೋಗಿ ‘ಎರಡು ಮಸಾಲೆ, ಒಂದು ಖಾಲಿ, ಒಂದಕ್ಕೆ ಎಣ್ಣೆ ಕಮ್ಮಿ, ಕಾಫಿ ಮೂರರಲ್ಲಿ ಒಂದು ಸ್ಟ್ರಾಂಗ್’ ಎಂದು ಕೂಗುವುದು. ಚೀಟಿಯಿಲ್ಲ, ಪೆನ್ನಿಲ್ಲ. ನಾಲ್ಕು ಟೇಬಲಿನ ಹದಿನಾರು ಬಾಯಿಗಳ ಲೆಕ್ಕ ತಲೆಯಲ್ಲಿ. ಯಾರು ಏನು ತಿಂದರು, ಎಷ್ಟಾಯಿತು, ಯಾರದ್ದು ಯಾರು ಕೊಡುತ್ತಾರೆ ಎಂಬುದೂ ಅಲ್ಲೇ. ಯಾವನಾದರೂ ಸಪ್ಲಾಯರ್ ರಜೆ ಹಾಕಿದ ದಿನ ಕ್ಲೀನರಿಗೆ ಎರಡು ಟೇಬಲ್ ಸಿಗುತ್ತಿತ್ತು. ಅದೇ ಪರೀಕ್ಷೆ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದಲ್ಲಿ ಅಂಗೈಯಿಂದ ಭುಜದವರೆಗೆ ದೋಸೆ ತಟ್ಟೆ ಪೇರಿಸಿಕೊಂಡು ಜನರ ನಡುವೆ ನುಸುಳಿ ಬರುವವರನ್ನು ಈಗಲೂ ನೋಡಬಹುದು. ಅದನ್ನು ಯಾವ ತರಗತಿಯಲ್ಲಿ ಕಲಿಸುತ್ತಾರೋ ನನಗೆ ಗೊತ್ತಿಲ್ಲ.

ಒಳಗಿನ ದಾರಿ ಬೇರೆ. ರುಬ್ಬುವ ಕಲ್ಲು, ಆಮೇಲೆ ತೆಂಗಿನಕಾಯಿ ತುರಿ, ತರಕಾರಿ, ಆಮೇಲೆ ಭಟ್ಟರ ಕೈಕೆಳಗೆ. ಕಾವಲಿಯ ಹತ್ತಿರ ನಿಲ್ಲಿಸಿಕೊಳ್ಳುವ ಮೊದಲು ಭಟ್ಟರು ಹುಡುಗನನ್ನು ಚೆನ್ನಾಗಿ ಸತಾಯಿಸುತ್ತಿದ್ದರು. ಎಸೆದ ನೀರು ಕಾವಲಿಯ ಮೇಲೆ ಮುತ್ತುಗಳಾಗಿ ಓಡಾಡಿದರೆ ಕಾವು ಹೆಚ್ಚಾಗಿದೆ. ಆಗ ಸುರಿದ ಹಿಟ್ಟು ಹರಡುವ ಮೊದಲೇ ಹಿಡಿದುಕೊಂಡು ಸೌಟಿನ ಹಿಂದೆಯೇ ಎದ್ದು ಬರುತ್ತದೆ. ಇನ್ನೊಂದು ಚೊಂಬು ನೀರು ಚಿಮುಕಿಸಿ, ಹಿಡಿಪೊರಕೆಯಿಂದ ಗುಡಿಸಿ, ಹಬೆ ಇಳಿದ ಕ್ಷಣಕ್ಕೆ ಸರಿಯಾಗಿ ಹಿಟ್ಟು ಬೀಳಬೇಕು. ಅಳತೆ ಕೇಳಿದರೆ ಭಟ್ಟರು ಹೇಳುತ್ತಿರಲಿಲ್ಲ, ನೋಡಿ ಕಲಿಯಬೇಕು. ಸಾಂಬಾರು ಪುಡಿಯ ಹದ ಕೈದಾಟದೆ ಇರುವುದರಲ್ಲೇ ಅವರ ಬೆಲೆ ಇತ್ತು, ಅವರಾದರೂ ಯಾಕೆ ಹೇಳಬೇಕು?

ಗಲ್ಲಾಕ್ಕೆ ಹೋಗುವ ದಾರಿ ಕಾವಲಿಯಿಂದಲೂ ಇತ್ತು, ಟೇಬಲಿನಿಂದಲೂ ಇತ್ತು, ಆದರೆ ಎರಡೂ ಉಗ್ರಾಣದ ಬಾಗಿಲು ದಾಟಿಯೇ ಹೋಗಬೇಕಿತ್ತು. ಯಾರ ಕೈಗೆ ಉಗ್ರಾಣದ ಬೀಗದ ಕೈ ಬಂತೋ, ಯಾರನ್ನು ಧಣಿ ಬೆಳಗಿನ ಜಾವ ತರಕಾರಿ ಮಾರುಕಟ್ಟೆಗೆ ಕಳಿಸಿದರೋ ಅವನು ಅರ್ಧ ಮಾಲೀಕ. ಈರುಳ್ಳಿ ದರ ಏರಿದಾಗ ಪಲ್ಯದಲ್ಲಿ ಏನು ಮಾಡಬೇಕು, ಹಾಲಿನವನಿಗೆ ಎಷ್ಟು ದಿನ ಬಾಕಿ ನಿಲ್ಲಿಸಬಹುದು ಎಂಬುದೆಲ್ಲ ಅಲ್ಲಿ ತಿಳಿಯುತ್ತಿತ್ತು. ಊಟ-ವಾಸ ಹೋಟೆಲಿನದೇ ಆದ್ದರಿಂದ ಸಂಬಳಕ್ಕೆ ಖರ್ಚಿಲ್ಲ. ಒಂದಿಷ್ಟು ಮನಿಯಾರ್ಡರಿನಲ್ಲಿ ಊರಿಗೆ, ಉಳಿದದ್ದು ಧಣಿಯ ಪುಸ್ತಕದಲ್ಲಿ. ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರು ಮಾಡಿದ ಪಿಗ್ಮಿ ಠೇವಣಿ ಈ ಬದುಕಿಗೆ ಹೇಳಿ ಮಾಡಿಸಿದಂತಿತ್ತು. ಏಜೆಂಟ್ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಾದರೂ ಸರಿ, ಕಟ್ಟಿಸಿಕೊಂಡು ಹೋಗುತ್ತಿದ್ದ.

ಕೂಡಿಟ್ಟ ದುಡ್ಡಿಗೆ ಎರಡು ದಾರಿ. ಒಂದು, ವರ್ಕಿಂಗ್ ಪಾರ್ಟ್ನರ್ ಆಗುವುದು. ಧಣಿ ಇನ್ನೊಂದು ಹೋಟೆಲು ತೆರೆಯುವಾಗ ನಂಬಿಕಸ್ತನನ್ನು ಅಲ್ಲಿ ಕೂರಿಸಿ ಲಾಭದಲ್ಲಿ ಪಾಲು ಕೊಡುವುದು. ಇನ್ನೊಂದು ಮುಂಬಯಿಯವರು ‘ಕಂಡಕ್ಟ್’ ಎನ್ನುವ ಏರ್ಪಾಡು. ಜಾಗ, ಲೈಸೆನ್ಸು ಹಳೆಯ ಮಾಲೀಕನ ಹೆಸರಲ್ಲೇ; ಡಿಪಾಜಿಟ್ ಕಟ್ಟಿ, ತಿಂಗಳಿಗೆ ಇಷ್ಟೆಂದು ಕೊಟ್ಟು ಹೋಟೆಲು ನಡೆಸುವವನು ಬೇರೆ. ಉಳಿದದ್ದು ಅವನದು, ಮುಳುಗಿದರೂ ಅವನದೇ. ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರೂ ಎಳೆಯ ವಯಸ್ಸಿನಲ್ಲಿ ಮನೆ ಬಿಟ್ಟು ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದವರು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಹೋಟೆಲು ಮಾಲೀಕರ ಸಂಘದ ಸ್ಮರಣ ಸಂಚಿಕೆಯಾದೀತು. ಏಣಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಒಳಗಿನ ಒಲೆ ಬಹುಕಾಲ ಬ್ರಾಹ್ಮಣರದೇ. ಬಂಟರ, ಬಿಲ್ಲವರ, ಮೊಗವೀರರ ಹುಡುಗರಿಗೆ ಮೋರಿ ಮತ್ತು ಟೇಬಲು. ಗಿರಾಕಿಗಳಿಗೂ ಕೆಲವೆಡೆ ಜಾತಿಯಂತೆ ಬೇರೆ ಬೇರೆ ಜಾಗವಿತ್ತು. ಹೋಟೆಲ್ ಫಲಕದಲ್ಲಿದ್ದ ‘ಬ್ರಾಹ್ಮಣ’ ಎಂಬ ಪದದ ವಿರುದ್ಧ 1957ರಲ್ಲಿ ಪೆರಿಯಾರ್ ಮದರಾಸಿನಲ್ಲಿ ಚಳವಳಿಯನ್ನೇ ಹೂಡಬೇಕಾಯಿತು. ಹೆಂಗಸರಿಗಂತೂ ಅಕ್ಕಿ ಆರಿಸುವುದು, ತರಕಾರಿ ಹೆಚ್ಚುವುದು ಬಿಟ್ಟರೆ ಒಂದು ಮೆಟ್ಟಿಲೂ ಇರಲಿಲ್ಲ. ಕೆಲಸದ ಹೊತ್ತಿಗೆ ಮಿತಿಯಿಲ್ಲ. ಧಣಿಯ ಪುಸ್ತಕದಲ್ಲಿದ್ದ ದುಡ್ಡು ಕೇಳಿದಾಗ ಕೈಗೆ ಬರದಿದ್ದರೆ ದೂರು ಯಾರಿಗೆ? ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಸೆಮಿನರಿ ಬಿಟ್ಟು ಬಂದು ಮೊದಲು ಸಂಘಟಿಸಿದವರಲ್ಲಿ ಊರಿನ ಹೋಟೆಲ್ ಕಾರ್ಮಿಕರೂ ಇದ್ದರು ಎಂಬುದು ಆಕಸ್ಮಿಕವಲ್ಲ.

ಒಲೆ ತಮ್ಮದಲ್ಲದವರು ಬೇರೆ ಬಾಗಿಲು ತೆಗೆದರು. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟಿದ್ದ ಭೂಮಿ ಕಳೆದುಕೊಂಡ ಬಂಟರ ಮನೆಗಳಿಂದ ಮುಂಬಯಿಗೆ ಹೊರಟವರು ಹೆಚ್ಚಾದರು. ಬರುಬರುತ್ತಾ ಸಸ್ಯಾಹಾರಿ ಹೋಟೆಲು, ಮೀನೂಟ, ಪರ್ಮಿಟ್ ರೂಮ್, ಎಲ್ಲದರ ಗಲ್ಲಾದಲ್ಲೂ ಒಬ್ಬ ಶೆಟ್ಟರು.

ಹೋಟೆಲು ಬಿಟ್ಟು ಹೋಗುವುದಕ್ಕೂ ಒಂದು ದಾರಿ ಇತ್ತು: ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು. ಮೊಗವೀರರು 20ನೇ ಶತಮಾನದ ಮೊದಲ ದಶಕದಲ್ಲೇ ಇಂಥದ್ದೊಂದನ್ನು ತೆರೆದಿದ್ದರು. ಸಂಜೆ ರಶ್ ಇಳಿಯುವ ಹೊತ್ತಿಗೆ ಒಳ್ಳೆಯ ಧಣಿ ಹುಡುಗನನ್ನು ಬಿಡುತ್ತಿದ್ದ, ಕೆಟ್ಟ ಧಣಿ ಅದೇ ಹೊತ್ತಿಗೆ ಇನ್ನೊಂದು ಕೆಲಸ ಹೇಳುತ್ತಿದ್ದ. ಕೈಗೆ ಅಂಟಿದ ಸಾಂಬಾರಿನ ವಾಸನೆಯಲ್ಲೇ ಬೀಜಗಣಿತ ಕಲಿತು ಬ್ಯಾಂಕಿನ ಕೌಂಟರಿಗೆ, ಕೋರ್ಟಿಗೆ, ಪತ್ರಿಕೆಯ ಕಚೇರಿಗೆ ಹೋದವರು ಕಡಿಮೆಯಿಲ್ಲ.

ಏಣಿ ಕಳಚಿದ್ದು ಒಂದೇ ದಿನದಲ್ಲಲ್ಲ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ದರ ಕಟ್ಟಿದಾಗ ಆ ಬೆಲೆಗೆ ಮಾರಲಾಗದೆ ಎಂಟಿಆರ್ ಹೋಟೆಲು ಮುಚ್ಚಿ, ರವೆ ಇಡ್ಲಿಯಂಥವಕ್ಕೆ ಹಿಟ್ಟು-ಪುಡಿಗಳ ಪೊಟ್ಟಣ ಕಟ್ಟುವತ್ತ ತಿರುಗಿತು. ಹೋಟೆಲು ಮತ್ತೆ ತೆರೆಯಿತು, ಆದರೆ ಪೊಟ್ಟಣದ ವ್ಯಾಪಾರ ಕಾರ್ಖಾನೆಯಾಗಿ ಬೆಳೆದು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು. ಭಟ್ಟರು ಬಾಯಿ ಬಿಡದ ಅಳತೆ ಪೊಟ್ಟಣದ ಹಿಂಬದಿಯಲ್ಲಿ ಅಚ್ಚಾಯಿತು.

ನಡುವಿನ ಮೆಟ್ಟಿಲು ಹೋದದ್ದು 1983ರಲ್ಲಿ. ಆರ್. ಪ್ರಭಾಕರ್ ಅವರ ಯೋಜನೆಯಂತೆ ಬೆಂಗಳೂರಿನ ಜಯನಗರದಲ್ಲಿ ಮೊದಲ ದರ್ಶಿನಿ ತೆರೆಯಿತು. ಮೊದಲು ದುಡ್ಡು ಕೊಟ್ಟು ಟೋಕನ್ ತಗೊಳ್ಳಿ, ನೀವೇ ತಟ್ಟೆ ಹಿಡಿದುಕೊಳ್ಳಿ, ನಿಂತೇ ತಿನ್ನಿ. ಜಾಗ ಕಡಿಮೆ, ಬೆಲೆ ಕಡಿಮೆ, ತಿಂಡಿ ಬಿಸಿ. ಗಿರಾಕಿಗೆ ಇದಕ್ಕಿಂತ ಏನು ಬೇಕು? ಸಪ್ಲಾಯರ್ ಮಾತ್ರ ಬೇಡವಾದ. ಕ್ಲೀನರ್ ಹಾಗೇ ಉಳಿದ, ಅವನು ಹತ್ತಬೇಕಾದ ಮೆಟ್ಟಿಲು ಇಲ್ಲ. ಈ ನಷ್ಟದ ಬಗ್ಗೆ ಆಗ ಯಾರೂ ಒಂದು ಮಾತೂ ಬರೆದದ್ದು ನಾನು ಓದಿಲ್ಲ.

ಕೆಳಗಿನ ಮೆಟ್ಟಿಲನ್ನು ಕಾನೂನು ತೆಗೆಯಿತು, ತೆಗೆಯಲೇಬೇಕಿತ್ತು. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾ, ಚಹಾದಂಗಡಿಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದು ನಿಷೇಧವಾಯಿತು. ‘ನಾವೆಲ್ಲ ಹಾಗೇ ಬಂದವರು’ ಎಂದು ಹಳೆಯ ಧಣಿಗಳು ಇದಕ್ಕೆ ಗೊಣಗುವುದುಂಟು. ಮೇಲೆ ಬಂದವರು ಗೊಣಗಬಹುದು. ಮೋರಿಯಲ್ಲೇ ಉಳಿದವರನ್ನು ಕೇಳಿದವರಿಲ್ಲ. ತುದಿಯ ಮೆಟ್ಟಿಲನ್ನು ನಗರದ ಬಾಡಿಗೆ ನುಂಗಿತು. ಇಂದು ಒಳ್ಳೆಯ ರಸ್ತೆಯಲ್ಲಿ ಅಂಗಡಿ ಹಿಡಿಯಲು ಬೇಕಾದ ಮುಂಗಡ ಪಿಗ್ಮಿಯಲ್ಲಿ ಕೂಡಿಬರುವ ಮೊತ್ತವಲ್ಲ.

ಇನ್ನೊಂದು ಏಣಿ ಆಗಲೇ ಬೇರೆ ಗೋಡೆಗೆ ಒರಗಿ ನಿಂತಿತ್ತು. 1954ರಲ್ಲಿ ಮುಂಬಯಿಯಲ್ಲಿ ದೇಶದ ಮೊದಲ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ ಬಂತು. 1980ರ ದಶಕದಲ್ಲಿ ಉಡುಪಿಯ ಮಗ್ಗುಲಿನ ಮಣಿಪಾಲಕ್ಕೂ ಒಂದು ಬಂತು. ಅಲ್ಲಿಂದ ಹೊರಬಿದ್ದವನು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಕಮಿ, ಶೆಫ್ ದ ಪಾರ್ಟಿ, ಸೂ ಶೆಫ್ ಎಂದು ಹುದ್ದೆ ಹುದ್ದೆಯಾಗಿ ಏರುತ್ತಾನೆ. ಬಿಳಿ ಕೋಟು, ಪ್ರಮಾಣಪತ್ರ, ಕೆಲಸದ ಹೊತ್ತಿಗೆ ಕಾಗದದ ಮೇಲಾದರೂ ಒಂದು ಮಿತಿ. ಅಪ್ಪ ಗಲ್ಲಾದಲ್ಲಿ ಕೂತು ಕಟ್ಟಿದ ಫೀಸಿನಲ್ಲಿ ಓದಿದವರೂ ಇವರಲ್ಲಿದ್ದಾರೆ. ಈ ಏಣಿ ಮಾಲೀಕತನಕ್ಕೆ ಹೋಗುವುದು ಅಪರೂಪ, ಆದರೆ ದುಬೈಗೆ, ಪ್ರವಾಸಿ ಹಡಗಿಗೆ ಖಂಡಿತ ಹೋಗುತ್ತದೆ.

ಹಾಗಾದರೆ ಬೆಂಗಳೂರಿನ ದರ್ಶಿನಿಯ ಕಾವಲಿಯ ಮುಂದೆ ಈಗ ಯಾರಿದ್ದಾರೆ? ಅಸ್ಸಾಮಿನವನು, ಒಡಿಶಾದವನು, ನೇಪಾಳದವನು. ನೀರಿನ ಮುತ್ತು ನೋಡಿ ಕಾವು ಹೇಳುವಷ್ಟು ಪಳಗಿದ್ದಾನೆ, ‘ಒಂದಕ್ಕೆ ಎಣ್ಣೆ ಕಮ್ಮಿ’ ಎಂದರೆ ತಿಳಿಯುವಷ್ಟು ಕನ್ನಡವೂ ಬಂದಿದೆ. ಅವನು ಮೇಲೆ ಹೋಗುವುದಿಲ್ಲ, ಪಕ್ಕಕ್ಕೆ ಹೋಗುತ್ತಾನೆ: ಎದುರಿನ ಹೋಟೆಲಿನವರು ತಿಂಗಳಿಗೆ ಒಂದೆರಡು ಸಾವಿರ ಹೆಚ್ಚು ಕೊಟ್ಟರೆ ಅಲ್ಲಿಗೆ, ಇನ್ನೊಬ್ಬರು ಕೊಟ್ಟರೆ ಮತ್ತೆಲ್ಲಿಗೋ. ಹುಡುಗರು ನಿಲ್ಲುವುದಿಲ್ಲ ಎಂದು ಮಾಲೀಕರು ಸಿಕ್ಕಲ್ಲೆಲ್ಲ ಹೇಳುತ್ತಾರೆ. ಕೃಷ್ಣರಾಯರ ಧಣಿಯಂತೆ ಅಂಗಡಿಯನ್ನು ಕಂತಿನ ಮೇಲೆ ಬಿಟ್ಟುಕೊಡುವ ಮಾತು ಹಾಗಿರಲಿ, ಉಗ್ರಾಣದ ಬೀಗದ ಕೈ ಅವನಿಗೆ ಕೊಡುತ್ತೀರಾ ಎಂದು ಕೇಳಿ ನೋಡಿ. ಗಲ್ಲಾಕ್ಕೆ ಇಂದಿಗೂ ಅವರು ಊರಿನ ಹುಡುಗನನ್ನೇ ಹುಡುಕುತ್ತಾರೆ, ಊರಿನ ಹುಡುಗನೋ ದುಬೈಯಲ್ಲಿದ್ದಾನೆ.