ಒಳಗಿನ ಐಸು ಕರಗುವವರೆಗೆ

ಕುಂದಾಪುರದ ಕಡೆ ಹುಟ್ಟಿ ಬೆಳೆದವರ ಮುಂದೆ ‘ಐಸಿನ ಮೀನು’ ಎಂದರೆ ಸಾಕು, ಮೂಗು ಮುರಿಯುತ್ತಾರೆ. ಮೀನಿನವಳು ಅಂಗಳದಲ್ಲಿ ಬುಟ್ಟಿ ಇಳಿಸಿದ ಕೂಡಲೇ ನಮ್ಮಮ್ಮ ಮೊದಲು ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದಳು. ಕೆಂಪಗಿದ್ದರೆ ರೇಟಿನ ಮಾತು. ಕಂದಿದ್ದರೆ ಬುಟ್ಟಿ ಮತ್ತೆ ತಲೆಗೆ. ಅಂಥ ಮನೆಯ ಮಗಳಾದ ನನ್ನ ಅಕ್ಕ ಅಮೆರಿಕದ ಬಾಸ್ಟನ್ ಹತ್ತಿರದ ತನ್ನ ಮನೆಯಲ್ಲಿ ಫ್ರೀಜರಿನಿಂದ ರಟ್ಟಿನ ಡಬ್ಬಿಯೊಂದನ್ನು ತೆಗೆದು, ಅದರೊಳಗಿನ ಚೌಕ ಚೌಕ ಮೀನಿನ ಬಿಲ್ಲೆಗಳನ್ನು ಬಂಗಾರದ ಬಿಸ್ಕತ್ತು ಎಣಿಸಿದಂತೆ ಎಣಿಸುವುದನ್ನು ಕಂಡಾಗ ನನಗೆ ನಗು ತಡೆಯಲಾಗಲಿಲ್ಲ. ಅಂಗಡಿಯಿಂದ ತಂದ ಫಿಶ್ ಬರ್ಗರಿನ ಪ್ಯಾಟಿ ಅದು. “ಇದನ್ನು ಬಿಸಿ ಮಾಡುವುದಕ್ಕೂ ಅಡುಗೆ ಅಂತಾರಾ?” ಎಂದೆ. ಅಕ್ಕ ಏನೂ ಹೇಳಲಿಲ್ಲ.

ಮಾರನೆಯ ದಿನ ಅವಳು ಕೆಲಸಕ್ಕೆ ಹೋದ ಮೇಲೆ ನಾನೇ ಮಾಡಿಕೊಂಡೆ. ಊರಿನಲ್ಲಿ ಅಂಜಲ್ ತುಂಡು ಹುರಿಯುವ ಹಾಗೆ ಎಣ್ಣೆಯನ್ನು ಚೆನ್ನಾಗಿ ಕಾಯಿಸಿ, ಎರಡು ಬಿಲ್ಲೆ ಹಾಕಿ, ಎರಡೂ ಮಗ್ಗುಲು ಕೆಂಪಗೆ ಮಾಡಿ ತೆಗೆದೆ. ಐದು ನಿಮಿಷವೂ ಹಿಡಿಯಲಿಲ್ಲ. ನೋಡಲು ಡಬ್ಬಿಯ ಮೇಲಿನ ಚಿತ್ರದ ಹಾಗೆಯೇ ಇತ್ತು. ಕಚ್ಚಿದರೆ ಮೊದಲು ಗರಿಗರಿ, ಅದರ ಕೆಳಗೆ ಬೆಚ್ಚಗಿನ ಹಿಟ್ಟು, ಅದರಾಚೆ ಹಲ್ಲು ಜುಮ್ಮೆನ್ನುವ ಐಸು. ಸಂಜೆ ಅಕ್ಕ ಬಂದು ತಟ್ಟೆಯಲ್ಲಿ ಉಳಿದಿದ್ದ ಇನ್ನೊಂದನ್ನು ಚಾಕುವಿನಿಂದ ಸೀಳಿದಳು. ನಡುವಿನ ಮೀನು ಬೆಳ್ಳಗಾಗದೆ, ಗಾಜಿನ ಹಾಗೆ ಮಸುಕು ಮಸುಕಾಗಿ ಹಸಿಯಾಗಿಯೇ ಇತ್ತು.

“ಕಾಣ್, ಹೊರ್ಗೆ ಕೆಂಪಾಯ್ತ್ ಅಂದ್ರೆ ಬೆಂದಿತ್ ಅಂದೇಳಿ ಅಲ್ಲ ಮಾರಾಯ. ಆ ಕೆಂಪು ಅವ್ರೇ ಮಾಡಿ ಕಳ್ಸದ್” ಎಂದಳು.

ಈ ಅಡುಗೆಯ ಗುಟ್ಟೆಲ್ಲ ಆ ಒಂದು ಮಾತಿನಲ್ಲಿದೆ. ಕಾರ್ಖಾನೆಯವರು ಹೊರಮೈಯನ್ನು ಮಾತ್ರ ಹುರಿದು ಕಳಿಸುತ್ತಾರೆ, ಒಳಗನ್ನು ಬೇಯಿಸುವುದು ನಮ್ಮ ಪಾಲಿನ ಕೆಲಸ. ಮೀನನ್ನು ಮುಳ್ಳು ತೆಗೆದು, ತುಂಡುಗಳನ್ನು ಚೌಕಟ್ಟಿನಲ್ಲಿ ಒತ್ತಾಗಿ ಜೋಡಿಸಿ, ಇಟ್ಟಿಗೆಯಂತೆ ಹೆಪ್ಪುಗಟ್ಟಿಸುತ್ತಾರೆ. ಈ ವ್ಯಾಪಾರದಲ್ಲಿ ಅಂಥ ಒಂದು ಗಟ್ಟಿಯ ತೂಕ ಸುಮಾರು ಏಳೂವರೆ ಕಿಲೋ. ಕರಗಲು ಬಿಡದೆ, ಮರ ಕೊಯ್ಯುವ ಹಾಗೆ ಗರಗಸದಲ್ಲಿ ಅದನ್ನು ಬಿಲ್ಲೆಗಳಾಗಿ ಕೊಯ್ಯುತ್ತಾರೆ. ಮೀನಿಗೆ ಚೌಕಾಕಾರ ಬಂದದ್ದು ಹೀಗೆ. ಆಮೇಲೆ ಒಣ ಹಿಟ್ಟಿನ ಒಂದು ಲೇಪ, ಅದರ ಮೇಲೆ ನೀರು ಹಿಟ್ಟು, ಅದರ ಮೇಲೆ ಬ್ರೆಡ್ ಪುಡಿ. ಗೋಡೆಗೆ ಗಾರೆ ಹಿಡಿಯಲಿ ಎಂದು ಮೊದಲು ಒರಟು ಮಾಡಿಕೊಳ್ಳುವ ಹಾಗೆ, ಒಣ ಹಿಟ್ಟು ಇಲ್ಲದಿದ್ದರೆ ಜಾರುವ ಮೀನಿನ ಮೈಗೆ ಉಳಿದದ್ದು ಕಚ್ಚಿಕೊಳ್ಳುವುದಿಲ್ಲ. ನಮ್ಮ ರವಾ ಫ್ರೈಯಲ್ಲಿ ಮಸಾಲೆ ಮೊದಲು, ರವೆ ಆಮೇಲೆ ಎನ್ನುವುದೂ ಇದೇ ಲೆಕ್ಕ. ಕೊನೆಗೆ ಕುದಿಯುವ ಎಣ್ಣೆಯಲ್ಲಿ ಅರೆ ನಿಮಿಷದಷ್ಟು ಮುಳುಗಿಸಿ ತೆಗೆಯುತ್ತಾರೆ. ಲೇಪ ಗಟ್ಟಿಯಾಗುತ್ತದೆ, ಹೊಂಬಣ್ಣ ಬರುತ್ತದೆ. ಒಳಗಿನ ಮೀನಿಗೆ ಎಣ್ಣೆ ಕಾದ ಸುದ್ದಿಯೇ ಮುಟ್ಟಿರುವುದಿಲ್ಲ. ಹೆಚ್ಚಿನ ಪೊಟ್ಟಣಗಳಲ್ಲಿ ಇರುವುದು ಇಂಥ ಹಸಿ ಮೀನೇ.

ಆ ಮೀನು ಬಹುಮಟ್ಟಿಗೆ ಅಲಾಸ್ಕಾ ಪೊಲಾಕ್. ಬೇರಿಂಗ್ ಸಮುದ್ರದಲ್ಲಿ ಹಿಡಿಯುವ ಬಿಳಿ ಮೀನು. ವಾಸನೆ ಕಡಿಮೆ, ರುಚಿಯೂ ಸೌಮ್ಯ. ಬಂಗುಡೆ ತಿಂದ ನಾಲಿಗೆಗೆ ಸಪ್ಪೆ ಅನ್ನಿಸಿದರೆ ಅದು ನಾಲಿಗೆಯ ತಪ್ಪಲ್ಲ. ಹಿಡಿದ ಹಡಗಿನಲ್ಲೇ ಸೀಳಿ ಕೆಲವೇ ತಾಸಿನಲ್ಲಿ ಹೆಪ್ಪುಗಟ್ಟಿಸುವ ತೇಲುವ ಕಾರ್ಖಾನೆಗಳು ಅಲ್ಲಿವೆ. ಹಾಗೆ ಒಮ್ಮೆ ಮಾತ್ರ ಹೆಪ್ಪುಗಟ್ಟಿದ ಮೀನಿಗೂ, ಹಿಡಿದಾಗ ಒಮ್ಮೆ ಹೆಪ್ಪುಗಟ್ಟಿ, ಇನ್ನೊಂದು ದೇಶದಲ್ಲಿ ಕರಗಿ, ಸೀಳಿಸಿಕೊಂಡು, ಮತ್ತೊಮ್ಮೆ ಹೆಪ್ಪುಗಟ್ಟಿದ ಮೀನಿಗೂ ಬಾಯಲ್ಲಿ ವ್ಯತ್ಯಾಸ ತಿಳಿಯುತ್ತದೆ. ಎರಡನೆಯದು ನಾರು ನಾರು.

ಹೀಗಾಗಲು ಕಾರಣ ಐಸಿನ ಹರಳು. ಮೀನಿನ ಮಾಂಸದಲ್ಲಿ ನೂರಕ್ಕೆ ಎಂಬತ್ತರಷ್ಟು ನೀರೇ. ನಿಧಾನವಾಗಿ ಹೆಪ್ಪುಗಟ್ಟಿದರೆ ಹರಳುಗಳು ದೊಡ್ಡದಾಗಿ ಬೆಳೆದು ಮಾಂಸದ ಕೋಶಗಳನ್ನು ಚುಚ್ಚಿ ಹರಿಯುತ್ತವೆ. ಕರಗಿಸಿದಾಗ ಅದರ ರಸವೆಲ್ಲ ಸೋರಿ ಹೋಗುತ್ತದೆ. ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ವಾರಗಟ್ಟಲೆ ಇಟ್ಟ ಬಂಗುಡೆ ಸಾರಿನಲ್ಲಿ ಹತ್ತಿಯಂತಾಗುವುದನ್ನು ಕಂಡೇ ನಮ್ಮಮ್ಮ ಐಸಿನ ಮೀನನ್ನು ಬೈಯುತ್ತಿದ್ದಳು. ಅವಳು ಬೈದದ್ದು ಸರಿ. ತಪ್ಪು ಐಸಿನದಲ್ಲ, ನಿಧಾನದ್ದು.

ಇದನ್ನು ಹಿಡಿದು ದುಡ್ಡು ಮಾಡಿದವನು ಕ್ಲಾರೆನ್ಸ್ ಬರ್ಡ್ಸ್‌ಐ. 1886ರಲ್ಲಿ ಬ್ರೂಕ್ಲಿನ್ನಿನಲ್ಲಿ ಹುಟ್ಟಿದ ಈತ 1912ರಿಂದ ಕೆಲವು ವರ್ಷ, ಈಗ ಕೆನಡಾಕ್ಕೆ ಸೇರಿದ ಲ್ಯಾಬ್ರಡಾರಿನಲ್ಲಿದ್ದ. ಅಲ್ಲಿನ ಇನ್ಯೂಟ್ ಜನ ಹಿಡಿದ ಮೀನು ಕಡುಚಳಿಯ ಗಾಳಿಗೆ ಕ್ಷಣದಲ್ಲಿ ಕಲ್ಲಾಗುತ್ತಿತ್ತು. ತಿಂಗಳು ಕಳೆದು ಕರಗಿಸಿ ಬೇಯಿಸಿದರೂ ಹೊಸ ಮೀನಿನ ರುಚಿ ಇರುತ್ತಿತ್ತು. ಅವರಿಗೆ ಅದು ದಿನನಿತ್ಯದ ಬದುಕು, ಇವನಿಗೆ ಪೇಟೆಂಟು. 1920ರ ದಶಕದ ನಡುವಿನಲ್ಲಿ ಮ್ಯಾಸಚೂಸೆಟ್ಸಿನ ಗ್ಲಾಸ್ಟರ್ ಎಂಬ ಮೀನುಗಾರರ ಊರಿಗೆ ಬಂದು, ಪೊಟ್ಟಣ ಕಟ್ಟಿದ ಮೀನನ್ನು ಎರಡು ಅತಿ ತಣ್ಣನೆಯ ಲೋಹದ ಹಲಗೆಗಳ ನಡುವೆ ಒತ್ತಿ ಬೇಗ ಹೆಪ್ಪುಗಟ್ಟಿಸುವ ಯಂತ್ರ ಕಟ್ಟಿದ. 1929ರಲ್ಲಿ ಕಂಪನಿಯನ್ನು 2.2 ಕೋಟಿ ಡಾಲರಿಗೆ ಮಾರಿದ. 1930ರ ಮಾರ್ಚಿನಲ್ಲಿ ಅದೇ ರಾಜ್ಯದ ಸ್ಪ್ರಿಂಗ್‌ಫೀಲ್ಡಿನ ಅಂಗಡಿಗಳಲ್ಲಿ ಈ ಬಗೆಯ ಪೊಟ್ಟಣಗಳು ಮೊದಲು ಜನರ ಕೈಗೆ ಬಂದವು. ಪುಡಿ ಹಚ್ಚಿದ ಮೀನಿನ ಕಡ್ಡಿಗಳು ಮಾರುಕಟ್ಟೆಗೆ ಬರಲು 1953 ಆಗಬೇಕಾಯಿತು. ನಮ್ಮ ಚೌಕ ಬಿಲ್ಲೆ ಆ ಕಡ್ಡಿಯ ತಮ್ಮ.

ಒಂದು ಭಾನುವಾರ ಅಕ್ಕ ನನ್ನನ್ನು ಗ್ಲಾಸ್ಟರಿಗೆ ಕರೆದುಕೊಂಡು ಹೋದಳು. ಬರ್ಡ್ಸ್‌ಐ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಹೋಟೆಲು. ದಂಡೆಯ ಮೇಲೆ ಚುಕ್ಕಾಣಿ ಹಿಡಿದು ಕಡಲು ನೋಡುತ್ತ ನಿಂತ ಕಂಚಿನ ಮೀನುಗಾರ. ಕಡಲಿಗೆ ಹೋಗಿ ಮರಳದವರ ನೆನಪಿಗೆ 1925ರಲ್ಲಿ ನಿಲ್ಲಿಸಿದ್ದು. ಗಂಗೊಳ್ಳಿಯ ಅಳಿವೆ ನೋಡಿ ಬೆಳೆದವರಿಗೆ ಅಲ್ಲಿ ವಿವರಣೆ ಬೇಕಾಗುವುದಿಲ್ಲ.

ಇರಲಿ, ಒಲೆಯ ಹತ್ತಿರ ಬರೋಣ. ನಾನು ಐದು ನಿಮಿಷದಲ್ಲಿ ಮುಗಿಸಿದ್ದಕ್ಕೆ ಅಕ್ಕ ಇಪ್ಪತ್ತು ನಿಮಿಷ ಏಕೆ ಕೊಡುತ್ತಾಳೆ? ಒಂದು ಗ್ರಾಂ ಐಸನ್ನು ಬರೀ ಕರಗಿಸಲು ಸುಮಾರು 80 ಕ್ಯಾಲರಿ ಶಾಖ ಬೇಕು. ಕರಗಿದ ಆ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸಲು ಬೇಕಾಗುವುದೂ ಅಷ್ಟೇ. ಅಂದರೆ ಬಿಲ್ಲೆಗೆ ಕೊಟ್ಟ ಉರಿಯ ಅರ್ಧದಷ್ಟು, ಮೀನನ್ನು ಬೇಯಿಸಲು ಅಲ್ಲ, ಬೇಯುವ ಸ್ಥಿತಿಗೆ ತರಲು ಖರ್ಚಾಗುತ್ತದೆ. ಅಷ್ಟು ಹೊತ್ತೂ ಹೊರಗಿನ ಬ್ರೆಡ್ ಪುಡಿ ಕಾಯುತ್ತಲೇ ಇರುತ್ತದೆ. ಉರಿ ಜೋರಾದರೆ ಐಸು ಕರಗುವ ಮೊದಲು ಪುಡಿ ಸೀಯುತ್ತದೆ. ಹಾಗಾದರೆ ಮೊದಲೇ ಹೊರಗಿಟ್ಟು ಕರಗಿಸಿಕೊಳ್ಳಬಹುದಲ್ಲ? ನಾನೂ ಕೇಳಿದೆ. ಕರಗಿದ ನೀರೆಲ್ಲ ಲೇಪಕ್ಕೆ ಇಳಿದು, ಲೇಪ ಒದ್ದೆ ಗಾರೆಯಂತೆ ಕಳಚಿ ಬೀಳುತ್ತದೆ. ಫ್ರೀಜರಿನಿಂದ ನೇರ ಬಿಸಿಗೆ, ಮಧ್ಯೆ ಎಲ್ಲೂ ಇಳಿಸಬಾರದು.

ಅಕ್ಕನ ಕೆಲಸ ಅಂಗಡಿಯಲ್ಲೇ ಶುರು. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಹೆಂಚಿನ ಚೂರುಗಳಂತೆ ಟಕಟಕ ಅಂದರೆ ಬುಟ್ಟಿಗೆ. ಒಂದಕ್ಕೊಂದು ಅಂಟಿ ಸದ್ದೇ ಬರದಿದ್ದರೆ, ಒಳಗೆ ಹಿಮದ ಪುಡಿ ಸರಭರ ಅಂದರೆ, ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ವಾಪಸು ಇಡುತ್ತಾಳೆ. ಕಿವಿರು ಎತ್ತಿ ನೋಡುವ ನಮ್ಮಮ್ಮನೇ ನನಗೆ ಅಲ್ಲಿ ಕಂಡಳು. ಆಮೇಲೆ ಡಬ್ಬಿಯ ಹಿಂಬದಿ ಓದುತ್ತಾಳೆ. ಇಡೀ ಸೀಳಿನದೋ, ರುಬ್ಬಿದ ಮೀನಿನದೋ. ಪಟ್ಟಿಯಲ್ಲಿ ಮೊದಲು ಬರುವುದು ಮೀನೋ, ಹಿಟ್ಟೋ.

ಓವನ್ನನ್ನು 220 ಡಿಗ್ರಿಗೆ ಇಟ್ಟು ಕಾಲು ಗಂಟೆ ಬರಿದೇ ಕಾಯಿಸುತ್ತಾಳೆ. ಮುಂದಿನ ಜಾಗ್ರತೆ ತಟ್ಟೆಯದು. ಬಿಲ್ಲೆಯನ್ನು ಬರೀ ತಟ್ಟೆಯ ಮೇಲಿಟ್ಟರೆ ಅಡಿಯಿಂದ ಹೊರಡುವ ಹಬೆಗೆ ದಾರಿ ಇಲ್ಲದೆ ತಳ ಮೆತ್ತಗಾಗುತ್ತದೆ. ಅದಕ್ಕೆ ತಟ್ಟೆಯೊಳಗೆ ತಂತಿಯ ಜಾಲರಿ, ಜಾಲರಿಯ ಮೇಲೆ ಬಿಲ್ಲೆ, ಬಿಲ್ಲೆ ಬಿಲ್ಲೆಗೂ ಎರಡು ಬೆರಳಿನ ಅಂತರ. ಹತ್ತು ನಿಮಿಷಕ್ಕೆ ಒಮ್ಮೆ ಮಗುಚುವುದು. ಅಲ್ಲಿಯವರೆಗೆ ಬಾಗಿಲು ತೆರೆಯುವ ಹಾಗಿಲ್ಲ. ನಾನು ಎರಡು ಸಲ ಕೈ ಹಾಕಿ ಬೈಸಿಕೊಂಡೆ. ಹದಿನೆಂಟನೆಯ ನಿಮಿಷಕ್ಕೆ ಚಹಾದ ಮಗ್ಗಿನಲ್ಲಿ ನಿಲ್ಲಿಸಿಟ್ಟ ಸೂಜಿಯ ಥರ್ಮಾಮೀಟರ್ ಹೊರಗೆ ಬರುತ್ತದೆ. ಅವಳು ಅದನ್ನು ಮೇಲಿನಿಂದ ಚುಚ್ಚುವುದಿಲ್ಲ. ಎರಡು ಸೆಂಟಿಮೀಟರೂ ದಪ್ಪವಿಲ್ಲದ ಬಿಲ್ಲೆಯಲ್ಲಿ ಸೂಜಿಯ ತುದಿ ಆ ಕಡೆ ಹೊರಟೇ ಬಿಡುತ್ತದೆ. ಇಕ್ಕಳದಿಂದ ಬಿಲ್ಲೆಯನ್ನು ಹಿಡಿದು, ಬದಿಯಿಂದ, ಲೇಪ ಬಿರುಕು ಬಿಡದಂತೆ ಮೆಲ್ಲ ತಿರುಗಿಸುತ್ತ ನಡುವಿಗೆ ತಲುಪಿಸುತ್ತಾಳೆ. ಅಂಕಿ ಏರುತ್ತ 58, 66, 71ಕ್ಕೆ ಬಂದು ನಿಂತಿತು. “ಇನ್ನೆರ್ಡ್ ನಿಮಿಷ.” ಡಬ್ಬಿ ಹೇಳುವುದು 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್. ಎರಡು ನಿಮಿಷ ಬಿಟ್ಟು ಮತ್ತೆ ಅದೇ ತೂತಿನಲ್ಲಿ ಚುಚ್ಚಿದಳು. 75.

ಅವಳು ಅಲ್ಲಿಗೆ ನಿಲ್ಲಿಸುವವಳಲ್ಲ. ಊರಿನಿಂದ ಹೊತ್ತುಕೊಂಡು ಹೋದ ಕಬ್ಬಿಣದ ಕಾವಲಿ ಅಷ್ಟರಲ್ಲಿ ಕಾದಿರುತ್ತದೆ. ಒಂದು ಚಮಚ ತೆಂಗಿನೆಣ್ಣೆ, ನಾಲ್ಕು ಕರಿಬೇವಿನೆಲೆ. ಎಲೆ ಚಟಪಟ ಅಂದ ಕೂಡಲೇ ಬಿಲ್ಲೆಯನ್ನು ಮಗ್ಗುಲಿಗೆ ಅರೆ ನಿಮಿಷ ಕೂರಿಸಿ ತೆಗೆಯುತ್ತಾಳೆ. ಡಬ್ಬಿಯ ಸೂಚನೆಯಲ್ಲಿ ಇದು ಇಲ್ಲ. ಇರಬೇಕಿತ್ತು.

ಬನ್ನಿನ ವಿಷಯದಲ್ಲಿ ಎರಡು ಪಂಥ. ಬನ್ನನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಅರ್ಧ ಹಾಳೆ ಚೀಸ್ ಇಡುವುದು ಮೆಕ್‌ಡೊನಾಲ್ಡ್ಸಿನ ಫಿಲೆ-ಓ-ಫಿಶ್ ಪದ್ಧತಿ. ಆ ಬರ್ಗರಿನ ಹುಟ್ಟೂ ಒಂದು ಉಪವಾಸದಿಂದ. ಸಿನ್ಸಿನಾಟಿಯಲ್ಲಿ ಲೂ ಗ್ರೋಯೆನ್ ನಡೆಸುತ್ತಿದ್ದ ಅಂಗಡಿಯಲ್ಲಿ ಶುಕ್ರವಾರ ಗಿರಾಕಿಗಳೇ ಇರುತ್ತಿರಲಿಲ್ಲ. ಸುತ್ತಲಿದ್ದವರು ಕ್ಯಾಥೊಲಿಕರು, ಅವರಿಗೆ ಅಂದು ಮಾಂಸ ವರ್ಜ್ಯ. 1962ರಲ್ಲಿ ಅವನು ಮೀನಿನ ಬರ್ಗರ್ ಮಾಡಿದ. ಕಂಪನಿಯ ಧಣಿ ರೇ ಕ್ರಾಕ್ ಅದಕ್ಕೆ ಎದುರಾಗಿ ಅನಾನಸ್ ಹೋಳಿನ ಬರ್ಗರ್ ನಿಲ್ಲಿಸಿದ. ಅನಾನಸ್ ಸೋತಿತು. ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಂಗಳೂರಿನ ಕ್ಯಾಥೊಲಿಕರ ಮನೆಗಳಲ್ಲೂ ಮಾಂಸದ ಬದಲು ಮೀನು ಎಂದು ಬಲ್ಲವರಿಗೆ ಈ ಕತೆ ಹೊಸದೆನಿಸದು.

ಅಕ್ಕ ಇನ್ನೊಂದು ಪಂಥದವಳು. ಬನ್ನನ್ನು ಸೀಳಿ, ಸೀಳಿದ ಮುಖಕ್ಕೆ ಬೆಣ್ಣೆ ಸವರಿ ಕಾವಲಿಯ ಮೇಲೆ ಬೋರಲು ಹಾಕಿ ಕಂದು ಬಣ್ಣ ಬರಿಸುತ್ತಾಳೆ. ಸಾಸ್ ಹೀರಿ ಮುದ್ದೆಯಾಗದಂತೆ ಅದೊಂದು ಕಾಪು. ಸಾಸ್ ಎಂದರೆ ಅಲ್ಲಿನವರು ಮೇಯನೇಸಿಗೆ ಹುಳಿಗೆ ಹಾಕಿದ ಎಳೆ ಸೌತೆ ಕೊಚ್ಚಿ ಹಾಕುತ್ತಾರೆ. ಅವಳು ಹಾಕುವುದು ಮಿಡಿ ಉಪ್ಪಿನಕಾಯಿ. ಒಂದು ಮಿಡಿಯನ್ನು ಓಟೆ ಬಿಡಿಸಿ ಸಣ್ಣಗೆ ಕೊಚ್ಚಿ, ಅದರ ರಸ ಅರ್ಧ ಚಮಚ ಸೇರಿಸಿ, ಮೇಲೆ ಹಸಿ ಈರುಳ್ಳಿ. ಉಪ್ಪು, ಹುಳಿ, ಖಾರ ಮೂರೂ ಅದರಲ್ಲೇ ಬಂತು. ಸಪ್ಪೆ ಪೊಲಾಕಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗಂತೂ ಗೊತ್ತಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ಇಲ್ಲಿನ ಸೂಪರ್ ಮಾರ್ಕೆಟಿನ ಪ್ಯಾಟಿಗಳಲ್ಲಿ ಕೈ ಪಳಗಿಸಿದೆ. ನಮ್ಮ ಮನೆಯಲ್ಲಿ ಓವನ್ ಇಲ್ಲ. ದಪ್ಪ ತಳದ ಕಾವಲಿ, ಎರಡು ಚಮಚ ಎಣ್ಣೆ, ಸಣ್ಣ ಉರಿ. ಮೊದಲ ಆರು ನಿಮಿಷ ಮುಚ್ಚಳ ಹಾಕುತ್ತೇನೆ. ಒಳಗಿನ ಹಬೆ ಮೇಲಿನಿಂದಲೂ ಐಸನ್ನು ಕರಗಿಸಲಿ ಎಂದು. ಆಮೇಲೆ ಮುಚ್ಚಳ ತೆಗೆದು, ಅದಕ್ಕೆ ಅಂಟಿದ ನೀರು ಕಾವಲಿಗೆ ಬೀಳದಂತೆ ಓರೆಯಾಗಿ ಎತ್ತಿ, ಮಗುಚಿ, ಉರಿ ತುಸು ಏರಿಸಿ ಇನ್ನು ಆರೇಳು ನಿಮಿಷ. ಮೊದಲು ಗುಳುಗುಳು ಎನ್ನುವ ಸದ್ದು ನೀರಿನದು. ಅದು ತೆಳುವಾಗಿ ಚುರುಚುರು ಆದಾಗ ಪುಡಿ ಗರಿಯಾಗುತ್ತಿದೆ ಎಂದರ್ಥ. ಏರ್ ಫ್ರೈಯರ್ ಇದ್ದವರಿಗೆ ಕೆಲಸ ಸುಲಭ, 200 ಡಿಗ್ರಿಯಲ್ಲಿ ಹನ್ನೆರಡು ನಿಮಿಷದ ಆಸುಪಾಸು. ಮೈಕ್ರೋವೇವ್ ಬೇಡವೇ ಬೇಡ. ಒಳಗಿನ ನೀರನ್ನು ಹಬೆ ಮಾಡಿ ಲೇಪಕ್ಕೆ ತಳ್ಳುತ್ತದೆ, ಕೈಗೆ ಸಿಗುವುದು ಒದ್ದೆ ರಟ್ಟು. ನಮ್ಮಲ್ಲಿ ಇನ್ನೊಂದು ತೊಂದರೆ ಕರೆಂಟಿನದು. ಬೇಸಿಗೆಯಲ್ಲಿ ಅಂಗಡಿಯ ಫ್ರೀಜರ್ ಎಷ್ಟು ಹೊತ್ತು ಆರಿತ್ತೋ ಯಾರು ಬಲ್ಲರು. ಹಾಗಾಗಿ ಡಬ್ಬಿ ಅಲ್ಲಾಡಿಸುವ ಅಕ್ಕನ ಪರೀಕ್ಷೆ ಇಲ್ಲೇ ಹೆಚ್ಚು ಬೇಕು. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಥರ್ಮಾಮೀಟರ್ ಇಲ್ಲದವರು ಮೊದಲ ಬಿಲ್ಲೆಯನ್ನು ನಡುವಿಗೆ ಸೀಳಿ ನೋಡಿ. ಪೂರ್ತಿ ಬೆಳ್ಳಗಾಗಿ, ಚಮಚ ತಾಗಿಸಿದರೆ ಎಸಳು ಎಸಳಾಗಿ ಬಿಡಬೇಕು, ನಡುವಿನಿಂದ ಹಬೆ ಏಳಬೇಕು. ಇಲ್ಲದಿದ್ದರೆ ಮತ್ತೆ ಕಾವಲಿಗೆ ಹಾಕಿ, ಗಡಿಯಾರ ನೋಡಿ ಎಷ್ಟು ಹಿಡಿಯಿತೆಂದು ಡಬ್ಬಿಯ ಮೇಲೆಯೇ ಬರೆದಿಡಿ. ಒಳಗೆ ಇನ್ನೂ ಮೂರು ಇರುತ್ತವೆ.