ಡ್ಯೂಟಿ ಪಟ್ಟಿ ಹಾಕಿದ್ದು ಕಂಪ್ಯೂಟರ್, ಹಾಗಾದರೆ ಅದು ಸರಿ ಇರಲೇಬೇಕೇ?

"ಈ ತಿಂಗಳ ಡ್ಯೂಟಿ ಪಟ್ಟಿ ಸಾಫ್ಟ್‌ವೇರೇ ಹಾಕಿದೆ, ನಮ್ಮ ಕೈಯಲ್ಲಿ ಏನೂ ಇಲ್ಲ." ಆಸ್ಪತ್ರೆ, ಕಾರ್ಖಾನೆ, ಕಾಲ್ ಸೆಂಟರ್‌ಗಳಲ್ಲಿ ಪಾಳಿ ಕೆಲಸ ಮಾಡುವವರು ಈ ಮಾತು ಕೇಳಿರುತ್ತೀರಿ. ಯಂತ್ರ ಹಾಕಿದ ಪಟ್ಟಿ ವೈಜ್ಞಾನಿಕ, ಅದರಲ್ಲಿ ಪಕ್ಷಪಾತ ಇರುವುದಿಲ್ಲ ಎಂಬ ನಂಬಿಕೆಯೂ ಇದೆ. ಇದು ಎಷ್ಟು ನಿಜ?

ಸಾಫ್ಟ್‌ವೇರ್ ಏಕೆ ಬೇಕಾಯಿತು?

ಒಂದು ವಾರ್ಡಿನಲ್ಲಿ 10 ಮಂದಿ ನರ್ಸ್‌ಗಳಿದ್ದಾರೆ ಎಂದುಕೊಳ್ಳಿ. ದಿನವೂ ಪ್ರತಿಯೊಬ್ಬರಿಗೂ ನಾಲ್ಕು ಆಯ್ಕೆ: ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ, ಇಲ್ಲವೇ ರಜೆ. ಒಬ್ಬರ ಒಂದು ವಾರವನ್ನೇ 16,384 ರೀತಿಯಲ್ಲಿ ಜೋಡಿಸಬಹುದು. ಹತ್ತೂ ಮಂದಿಯದ್ದು ಸೇರಿದರೆ ಬರುವುದು 43 ಅಂಕಿಗಳ ಸಂಖ್ಯೆ! ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೆ 'ನರ್ಸ್ ಶೆಡ್ಯೂಲಿಂಗ್ ಪ್ರಾಬ್ಲಮ್' ಎಂದೇ ಹೆಸರು. ಇಂಥ ಲೆಕ್ಕ ಬಿಡಿಸಲು ಸಾಫ್ಟ್‌ವೇರ್ ನಿಜಕ್ಕೂ ಸಹಾಯಕ.

ನಿಯಮ ಕೊಡುವವರು ಯಾರು?

ಸಾಫ್ಟ್‌ವೇರ್ ಎರಡು ಬಗೆಯ ನಿಯಮ ನೋಡುತ್ತದೆ. ಒಂದು, ಮುರಿಯಲೇಬಾರದವು: ರಾತ್ರಿ ಕನಿಷ್ಠ ಇಷ್ಟು ಮಂದಿ ಇರಬೇಕು ಎಂಬಂಥವು. ಇನ್ನೊಂದು, ಸಾಧ್ಯವಾದರೆ ಪಾಲಿಸಬೇಕಾದವು: ಕೇಳಿದ ದಿನ ರಜೆ, ಭಾನುವಾರಗಳ ಸಮಪಾಲು. ಯಾವುದು ಯಾವ ಪಟ್ಟಿಗೆ ಸೇರಬೇಕು ಎಂದು ತೀರ್ಮಾನಿಸುವವರು ಮನುಷ್ಯರೇ. "ಎರಡು ಪಾಳಿಗಳ ನಡುವೆ ಇಷ್ಟು ವಿಶ್ರಾಂತಿ" ಎಂದು ಯಾರೂ ನಮೂದಿಸದಿದ್ದರೆ ಅದು ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ.

ರಾತ್ರಿ 9ಕ್ಕೆ ಡ್ಯೂಟಿ ಮುಗಿಸಿ ಬೆಳಿಗ್ಗೆ 7ಕ್ಕೆ ಮತ್ತೆ ಬರಬೇಕಾದರೆ ಸಿಗುವುದು 10 ಗಂಟೆ. ಬಸ್ಸಿಗೆ ಎರಡು ಗಂಟೆ, ಊಟ, ಸ್ನಾನ, ತಯಾರಿಗೆ ಎರಡು ಗಂಟೆ ಹೋದರೆ ನಿದ್ದೆಗೆ ಉಳಿಯುವುದು ಆರೇ ಗಂಟೆ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ದಿನಕ್ಕೆ ಸತತ 11 ಗಂಟೆ ವಿಶ್ರಾಂತಿ ಇರಬೇಕು.

ಪಾಳಿ ಯಾವ ದಿಕ್ಕಿಗೆ ತಿರುಗಬೇಕು?

ನಮ್ಮ ದೇಹದ ಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆಗಿಂತ ಸ್ವಲ್ಪ ಹೆಚ್ಚು. ಹಾಗಾಗಿ ಬೇಗ ಮಲಗುವುದಕ್ಕಿಂತ ತಡವಾಗಿ ಮಲಗುವುದು ಸುಲಭ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಪಾಳಿ ಬದಲಾದರೆ ದೇಹಕ್ಕೆ ಅಷ್ಟು ಕಷ್ಟವಾಗದು. ಅಮೆರಿಕದ ಯೂಟಾ ರಾಜ್ಯದ ಕಾರ್ಖಾನೆಯೊಂದರಲ್ಲಿ ಪಾಳಿಯ ದಿಕ್ಕನ್ನು ಹೀಗೆ ಬದಲಿಸಿ, ವಾರಕ್ಕೊಮ್ಮೆ ಬದಲು ಮೂರು ವಾರಕ್ಕೊಮ್ಮೆ ಪಾಳಿ ಬದಲಾಯಿಸಲಾಯಿತು. ಕೆಲಸಗಾರರ ಸಮಾಧಾನವೂ ಉತ್ಪಾದನೆಯೂ ಹೆಚ್ಚಿದವು ಎಂದು 1982ರಲ್ಲಿ ವರದಿಯಾಯಿತು.

"ರಾತ್ರಿ ಪಾಳಿ ಮಾಡ್ತಾ ಮಾಡ್ತಾ ಒಗ್ಗಿಹೋಗುತ್ತೆ" ಎಂಬುದೂ ಹೆಚ್ಚಿನವರ ವಿಷಯದಲ್ಲಿ ನಿಜವಲ್ಲ. ಮನೆಗೆ ಮರಳುವಾಗ ಕಣ್ಣಿಗೆ ಬೀಳುವ ಬೆಳಕು ದೇಹದ ಗಡಿಯಾರವನ್ನು ಮತ್ತೆ ಹಗಲಿನತ್ತ ಎಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿಗೆ ಸೇರಿಸಿತು. ರಾತ್ರಿ ದುಡಿಯುವವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದು ಇದರ ಅರ್ಥವಲ್ಲ. ಅಂಥ ಸಂದೇಶ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ನಿಮ್ಮ ಪಟ್ಟಿಯಲ್ಲಿ ಏನು ನೋಡಬೇಕು?

1. ಎರಡು ಪಾಳಿಗಳ ನಡುವೆ 11 ಗಂಟೆ ಬಿಡುವು ಇದೆಯೇ?
2. ಪಾಳಿ ಮುಂದಕ್ಕೆ ತಿರುಗುತ್ತಿದೆಯೇ, ಹಿಂದಕ್ಕೋ?
3. ರಾತ್ರಿಗಳು, ಭಾನುವಾರಗಳು ಎಲ್ಲರಿಗೂ ಸಮನಾಗಿ ಬಿದ್ದಿವೆಯೇ?

ಉತ್ತರ 'ಇಲ್ಲ' ಎಂದಾದರೆ, "ಈ ನಿಯಮ ಸಾಫ್ಟ್‌ವೇರ್‌ನಲ್ಲಿ ಹಾಕಿದ್ದೀರಾ?" ಎಂದು ಮೇಲ್ವಿಚಾರಕರನ್ನು ಕೇಳಿ. ಹಾಕಿದ್ದು ಮನುಷ್ಯರಾದ್ದರಿಂದ ಬದಲಿಸಲೂ ಸಾಧ್ಯ.

ತೀರ್ಮಾನ: ಸಾಫ್ಟ್‌ವೇರ್ ಲೆಕ್ಕದಲ್ಲಿ ಜಾಣ ಎಂಬುದು ನಿಜ. ಅದು ಹಾಕಿದ ಪಟ್ಟಿ ತಾನಾಗಿಯೇ ನ್ಯಾಯವಾದದ್ದು ಎಂಬುದು ತಪ್ಪು.